ಬಣ್ಣ ಆರಿಸುವುದು ಆಟಿಯಲ್ಲಿ, ಬಳಿಯುವುದು ದೀಪಾವಳಿ ಕಳೆದ ಮೇಲೆ: ಕಾಸರಗೋಡು ಕಡೆಯ ಮನೆಗಳ ಹೊರಗೋಡೆಗೆ ಬಣ್ಣ

ನಮ್ಮ ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ಇದೆ. ಮೊದಲ ಸಲ ಹೊರಗೋಡೆಗೆ ಬಣ್ಣ ಹಾಕಿಸುವಾಗ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಂಗಡಿಗೆ ಹೋದೆವು. ಶೇಡ್ ಕಾರ್ಡಿನಲ್ಲಿ ಒಂದು ಎಳೆ ಹಸಿರು ಚೆಂದ ಕಂಡಿತು, ಹತ್ತು ನಿಮಿಷದಲ್ಲಿ ಆರಿಸಿ ಬಂದೆವು. ಎರಡನೇ ಮಳೆಗಾಲ ಮುಗಿಯುವಾಗ ಉತ್ತರದ ಗೋಡೆಗೆ ಕಪ್ಪು ಹಾವಸೆ (ಪಾಚಿ) ಹಿಡಿದಿತ್ತು. ಕೆಳಗಿನ ಎರಡು ಅಡಿ ಪೂರ್ತಿ ಕೆಂಪು ನೀರಿನ ಕಲೆ. ಪಶ್ಚಿಮದ ಗೋಡೆ ಬಿಸಿಲಿಗೆ ಮಾಸಿ ಬೇರೆಯೇ ಮನೆಯ ಗೋಡೆಯ ಹಾಗೆ ಕಾಣುತ್ತಿತ್ತು. ಅಮ್ಮ ತೆಂಗಿನ ನಾರು ಹಿಡಿದು ಉಜ್ಜುವುದನ್ನು ನೋಡಿ ನಿಜವಾಗಿ ಬೇಸರವಾಗುತ್ತಿತ್ತು.

ಎರಡನೇ ಸಲ ಬಣ್ಣ ಹಾಕಿಸುವಾಗ ಬಂದ ಪೈಂಟರ್ ಮೊದಲು ಕೇಳಿದ್ದೇ ಇದು. "ಅಣ್ಣ, ನಿಮ್ಮ ಗೋಡೆ ಮಳೆಗೆ ಹೇಗೆ ಕಾಣ್ತದೆ ಅಂತ ಸರಿಯಾಗಿ ನೋಡಿದ್ದೀರಾ?" ನೋಡಿರಲಿಲ್ಲ. ಆ ವರ್ಷ ಕೆಲಸ ಮುಂದೂಡಿ ಒಂದು ಮಳೆಗಾಲ ಪೂರ್ತಿ ಗೋಡೆ ನೋಡಿದೆವು, ಡಿಸೆಂಬರಿನಲ್ಲಿ ಬಣ್ಣ ಹಾಕಿಸಿದೆವು. ಈಗ ನಾಲ್ಕು ಮಳೆಗಾಲ ಕಳೆದಿದೆ, ಗೋಡೆ ಇನ್ನೂ ಚೆನ್ನಾಗಿದೆ. ಆಗ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಯಾರ ಮನೆಗಾದರೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ಮಳೆಯಲ್ಲಿ ಮನೆಗೆ ಒಂದು ಸುತ್ತು

ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ದೊಡ್ಡ ಊರುಗಳ ಚಿತ್ರಗಳಲ್ಲಿ ಕಾಣುವ ಅಚ್ಚ ಬಿಳಿ ಮನೆ ಒಣ ಹವೆಯಲ್ಲಿ ಹಾಗೇ ಉಳಿಯಬಹುದು. ಇಲ್ಲಿ ಅದನ್ನು ಹಾಗೆ ಉಳಿಸಿಕೊಳ್ಳಲು ವರ್ಷ ವರ್ಷ ತೊಳೆಯಬೇಕು.

ಆಟಿ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಜೋರು ಮಳೆ ಬಂದು ನಿಂತ ಕೂಡಲೇ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಹಾಕಿ. ಕೈಯಲ್ಲಿ ಒಂದು ಕಾಗದ ಇರಲಿ. ಯಾವ ಗೋಡೆ ಪೂರ್ತಿ ನೆನೆದಿದೆ? ಮಳೆ ಗಾಳಿ ನೈಋತ್ಯದಿಂದ ಬರುವುದರಿಂದ ಸಾಮಾನ್ಯವಾಗಿ ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ ಎರಚಲು ಜಾಸ್ತಿ. ಹಾವಸೆ ಮಾತ್ರ ಹೆಚ್ಚಾಗಿ ಬಿಸಿಲು ಬೀಳದ ಕಡೆ ಹಿಡಿಯುತ್ತದೆ. ಉತ್ತರದ ಗೋಡೆ, ತೋಟದ ನೆರಳಿನ ಗೋಡೆ, ಬಚ್ಚಲಿನ ಹೊರಬದಿ, ಸನ್‌ಶೇಡಿನ ಅಂಚು, ಪ್ಯಾರಪೆಟ್‌ನ ತಲೆ. ಇವನ್ನೆಲ್ಲ ಬರೆದುಕೊಳ್ಳಿ.

ಆಮೇಲೆ ಬಗ್ಗಿ ಗೋಡೆಯ ಬುಡ ನೋಡಿ. ನಮ್ಮದು ಕೆಂಪು ಮಣ್ಣು ಅಲ್ವಾ, ಮಾಡಿನಿಂದ (ಛಾವಣಿಯಿಂದ) ಬಿದ್ದ ನೀರು ಅಂಗಳಕ್ಕೆ ಬಡಿದು ಗೋಡೆಗೆ ಸಿಡಿಯುತ್ತದೆ. ಆ ಕೆಂಪು ಎಷ್ಟು ಎತ್ತರದವರೆಗೆ ಹೋಗಿದೆ ಎಂದು ಟೇಪ್ ಹಿಡಿದು ಅಳೆಯಿರಿ. ನಮ್ಮಲ್ಲಿ 20 ಇಂಚು ಇತ್ತು. ಮುಂದೆ ಪಟ್ಟಿಯ ಬಣ್ಣ ಆರಿಸುವಾಗ ಈ ಅಳತೆ ಬೇಕಾಗುತ್ತದೆ.

ಇನ್ನೊಂದು, ಸೋರಿಕೆ. ಗೋಡೆಯಲ್ಲಿ ಬಿರುಕು, ಟೆರೇಸಿನ ಪೈಪಿನ ಬುಡದಲ್ಲಿ ಒದ್ದೆ, ಉಪ್ಪು ಎದ್ದ ಹಾಗೆ ಬಿಳಿ ಪುಡಿ ಕಂಡರೆ ಬಣ್ಣದ ಮಾತು ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಸರಿಮಾಡಿಸಬೇಕು. ಒಳಗಿನಿಂದ ನೀರು ಬರುವ ಗೋಡೆಗೆ ಎಷ್ಟು ದುಬಾರಿ ಬಣ್ಣ ಬಳಿದರೂ ಗುಳ್ಳೆ ಎದ್ದು ಸುಲಿದು ಹೋಗುತ್ತದೆ.

ಬದಲಾಗದ ಬಣ್ಣಗಳಿಂದ ಶುರು ಮಾಡಿ

ಹೆಚ್ಚಿನವರು ಇಷ್ಟದ ಬಣ್ಣದಿಂದ ಶುರು ಮಾಡುತ್ತಾರೆ. ನಾನು ಹೇಳುವುದು, ಮನೆಯಲ್ಲಿ ನೀವು ಬದಲಿಸಲಾಗದ ಬಣ್ಣಗಳನ್ನು ಮೊದಲು ಪಟ್ಟಿ ಮಾಡಿ. ಮಾಡಿನ ಹಂಚು ಅಥವಾ ಶೀಟು, ಪಂಚಾಂಗದ (ಮನೆಯ ಅಡಿಪಾಯದ) ಕಲ್ಲು, ಅಂಗಳದ ಇಂಟರ್‌ಲಾಕ್, ಬಾಗಿಲು ಕಿಟಕಿಯ ಮರ, ಸಿಟೌಟಿನ (ಎದುರಿನ ಜಗಲಿಯ) ಟೈಲ್ಸ್. ಗೋಡೆಯ ಬಣ್ಣ ಇವುಗಳ ಜೊತೆ ಹೊಂದಬೇಕು. ಒಂದು ಸಲ ಬಳಿದರೆ ಐದಾರು ವರ್ಷ ಜೊತೆಗೇ ಇರಬೇಕಲ್ಲ.

ಹಂಚಿನ ಮಾಡು ಇದ್ದರೆ ನಿಮ್ಮ ಕೆಲಸ ಅರ್ಧ ಆದ ಹಾಗೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕರಾವಳಿಯ ಮಾಡುಗಳಿಗೆಲ್ಲ ಆ ಕೆಂಪು ಬಂತು. ಅದರ ಕೆಳಗೆ ಕೆನೆ ಬಣ್ಣ, ಗಂಧದ ಬಣ್ಣ, ಮಾಸಲು ಹಳದಿ ಯಾವುದು ಹಾಕಿದರೂ ಚೆನ್ನಾಗಿ ಕೂರುತ್ತದೆ. ತಿಳಿ ಗುಲಾಬಿ, ನೇರಳೆ ಹೊಂದುವುದಿಲ್ಲ, ಹಂಚಿನ ಕೆಂಪು ಅವುಗಳ ಜೊತೆ ಜಗಳ ಮಾಡುತ್ತದೆ.

ಟೆರೇಸಿನ ಮೇಲೆ ಶೀಟ್ ಹಾಕಿಸಿದವರು ಸ್ವಲ್ಪ ಜಾಸ್ತಿ ಯೋಚಿಸಬೇಕು. ಈಗ ನಮ್ಮಲ್ಲಿ ಮಳೆಗೆ ಹೆದರಿ ಹೆಚ್ಚಿನವರೂ ಹಾಕಿಸುತ್ತಾರೆ. ದೂರದಿಂದ ನೋಡುವಾಗ ಮೊದಲು ಕಾಣುವುದೇ ಆ ಶೀಟು. ನೀಲಿ ಶೀಟಿದ್ದರೆ ಕೆಳಗೆ ಬಿಳಿ ಅಥವಾ ತಿಳಿ ಬೂದು. ಹಸಿರು ಶೀಟಿದ್ದರೆ ಕೆನೆ. ಇಟ್ಟಿಗೆ ಕೆಂಪಿನ ಶೀಟಿದ್ದರೆ ಹಂಚಿಗೆ ಹೇಳಿದ್ದೇ ಇದಕ್ಕೂ. ಶೀಟ್ ಇನ್ನೂ ಹಾಕಿಸದೆ ಮುಂದೆ ಹಾಕಿಸುವ ಯೋಚನೆ ಇದ್ದರೆ ಶೀಟಿನ ಬಣ್ಣ ಇವತ್ತೇ ನಿರ್ಧರಿಸಿ, ಆಮೇಲೆ ಗೋಡೆಯದು.

ಕೆಂಪು ಕಲ್ಲನ್ನು ಗಾರೆ ಮಾಡದೆ ಹಾಗೇ ಬಿಟ್ಟ ಗೋಡೆ ಇದ್ದರೆ ದಯವಿಟ್ಟು ಅದಕ್ಕೆ ಬಣ್ಣ ಬಳಿಯಬೇಡಿ. ಬೇಕಲ ಕೋಟೆಯ ಕಲ್ಲು ಮಳೆಗೆ ನೆನೆದಾಗ ಎಷ್ಟು ಚೆಂದ ಕಾಣುತ್ತದೆ ನೋಡಿದ್ದೀರಲ್ಲ, ಅದೇ ಕಲ್ಲು ನಮ್ಮ ಮನೆಯದ್ದೂ. ನೀರು ಹೀರದಂತೆ ಕಲ್ಲಿನ ಒಳಗೆ ಇಳಿಯುವ ಬಣ್ಣವಿಲ್ಲದ ದ್ರಾವಣ ಸಿಗುತ್ತದೆ, ಅದು ಸಾಕು. ಮೇಲೆ ಹೊಳಪಿನ ವಾರ್ನಿಶ್ ಹಾಕಿದರೆ ಕಲ್ಲಿನ ತೇವ ಹೊರಬರಲು ದಾರಿ ಇಲ್ಲದೆ ಪದರ ಏಳುತ್ತದೆ.

ಸುತ್ತಲಿನ ಹಸಿರು, ಅಂಗಳದ ಕೆಂಪು

ಇದನ್ನು ನನಗೆ ಯಾರೂ ಹೇಳಿರಲಿಲ್ಲ, ನೋಡಿ ನೋಡಿಯೇ ಗೊತ್ತಾಯಿತು. ಗೋಡೆಯ ಬಣ್ಣ ಗೋಡೆಯಲ್ಲಿ ಮಾತ್ರ ಇರುವುದಿಲ್ಲ. ಸುತ್ತಲಿನ ವಸ್ತುಗಳಿಗೆ ಬಿದ್ದ ಬೆಳಕು ಅವುಗಳ ಬಣ್ಣ ಹೊತ್ತು ಬಂದು ಗೋಡೆಗೆ ಬೀಳುತ್ತದೆ. ಅಡಿಕೆ ತೋಟದ ನಡುವಿನ ಬಿಳಿ ಗೋಡೆ ಸ್ವಲ್ಪ ಹಸಿರಾಗಿ ಕಾಣುತ್ತದೆ. ತಿಳಿ ಹಳದಿ ಬಳಿದರೆ ಅದು ನಿಂಬೆ ಹಸಿರಿನ ಕಡೆ ವಾಲುತ್ತದೆ. ಕೆಂಪು ಮಣ್ಣಿನ ಅಂಗಳ ಇದ್ದರೆ ಗೋಡೆಯ ಕೆಳಭಾಗಕ್ಕೆ ಬೆಳಗ್ಗಿನ ಹೊತ್ತು ತೆಳು ಗುಲಾಬಿ ಛಾಯೆ. ತಿಳಿ ಬೂದು ಬಣ್ಣ ಮೋಡದ ದಿನ ನೀಲಿಯಾಗಿ ಕಾಣುತ್ತದೆ, ನಮ್ಮಲ್ಲಿ ಮೋಡದ ದಿನಗಳಿಗೇನು ಕಡಿಮೆಯೇ.

ಹಾಗಾಗಿ ತೋಟದ ಒಳಗಿನ ಮನೆಗೆ ಸ್ವಲ್ಪ ಬೆಚ್ಚಗಿನ ಬಣ್ಣ ಒಳ್ಳೆಯದು. ಹಳದಿ, ಕಂದು ಅಥವಾ ಕೆಂಪಿನ ಎಳೆ ಇರುವ ಕೆನೆ, ಗಂಧ, ಮರಳಿನ ಬಣ್ಣ. ಹಸಿರಿನ ಮೇಲೆ ಹಸಿರು ಬೇಡ, ನಾವು ಮಾಡಿದ್ದು ಅದನ್ನೇ. ಬೋಳು ಪಾರೆಯ (ಬಂಡೆ ನೆಲದ) ಮೇಲಿನ ಮನೆ, ಕುಂಬಳೆ ಹತ್ತಿರದ ಅನಂತಪುರದ ಸುತ್ತಲಿನ ಕೆಂಪು ಕಲ್ಲಿನ ಬಯಲಿನಂಥ ಜಾಗದಲ್ಲಿದ್ದರೆ ಲೆಕ್ಕ ಬೇರೆ. ಅಲ್ಲಿ ಬಿಸಿಲು ಜಾಸ್ತಿ, ಸುತ್ತ ಕೆಂಪು ಜಾಸ್ತಿ. ಅಂಥ ಕಡೆ ತಿಳಿ ಬೂದು, ಆಲಿವ್ ಹಸಿರು ಹಾಕಿದರೆ ಕಣ್ಣಿಗೆ ತಂಪು.

ಉಪ್ಪಳ, ಕುಂಬಳೆ ಕಡೆ ಸಮುದ್ರದ ಹತ್ತಿರದ ಮನೆಗಳಿಗೆ ಉಪ್ಪಿನ ಗಾಳಿ. ಕಿಟಕಿ ಗ್ರಿಲ್ಲಿನಿಂದ ತುಕ್ಕಿನ ನೀರು ಇಳಿದು ಕೆಳಗಿನ ಗೋಡೆಗೆ ಕಂದು ಗೆರೆ ಬೀಳುತ್ತದೆ. ಬಿಳಿ ಗೋಡೆಯಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಗ್ರಿಲ್ಲಿಗೆ ತುಕ್ಕು ಕೆರೆದು ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ಅಡಿಪದರ) ಹಾಕಿ ಪೈಂಟ್ ಮಾಡುವ ಕೆಲಸ ಗೋಡೆಗಿಂತ ಮೊದಲೇ ಮುಗಿಯಲಿ.

ಯಾವ ಬಣ್ಣ ಎಷ್ಟು ದಿನ ನಿಲ್ಲುತ್ತದೆ

ನಮ್ಮ ಕೆಂಪು ಕಲ್ಲಿನ ಬಣ್ಣ ಬಂದಿರುವುದು ಕಬ್ಬಿಣದ ಆಕ್ಸೈಡಿನಿಂದ. ಸಾವಿರಾರು ವರ್ಷ ಬಿಸಿಲು ಮಳೆ ತಿಂದರೂ ಅದು ಮಾಸಿಲ್ಲ. ಹೊರಗೋಡೆಯ ಬಣ್ಣಗಳಲ್ಲೂ ಕಬ್ಬಿಣದ ಆಕ್ಸೈಡಿನಿಂದ ಮಾಡಿದ ಕಾವಿ ಕೆಂಪು, ಮಣ್ಣಿನ ಹಳದಿ, ಕಂದು ಬಿಸಿಲಿಗೆ ಚೆನ್ನಾಗಿ ತಡೆಯುತ್ತವೆ. ಕಣ್ಣು ಕುಕ್ಕುವ ಹಳದಿ, ಗುಲಾಬಿ, ನೇರಳೆ, ಅಚ್ಚ ಕೆಂಪು ಹೆಚ್ಚಾಗಿ ಬೇರೆ ಜಾತಿಯ ಪಿಗ್ಮೆಂಟಿನಿಂದ ಬರುತ್ತವೆ. ಅವುಗಳಲ್ಲಿ ಬಹಳಷ್ಟು ಬಿಸಿಲಿಗೆ ಬೇಗ ಮಾಸುತ್ತವೆ. ಗಲ್ಫ್‌ನಿಂದ ದುಡಿದು ತಂದ ಹಣದಲ್ಲಿ ಎಷ್ಟೋ ಆಸೆಯಿಂದ ಕಟ್ಟಿಸಿದ ಮನೆಗೆ ಗಾಢ ಬಣ್ಣ ಹಾಕಬೇಕು ಅಂತ ಅನಿಸುವುದು ಸಹಜ. ಹಾಕಿ, ಆದರೆ ಇಡೀ ಮನೆಗೆ ಬೇಡ. ಸಿಟೌಟಿನ ಒಳಗೋಡೆಗೋ ಕಾರ್ ಪೋರ್ಚಿನ ಒಂದು ಕಂಬಕ್ಕೋ ಹಾಕಿದರೆ ಅಲ್ಲಿ ಬಿಸಿಲು ಕಡಿಮೆ, ಬಣ್ಣವೂ ಉಳಿಯುತ್ತದೆ, ಆಸೆಯೂ ತೀರುತ್ತದೆ.

ಇನ್ನು ಗಾಢ ಮತ್ತು ತಿಳಿಯ ಲೆಕ್ಕ. ಶೇಡ್ ಕಾರ್ಡಿನಲ್ಲಿ ಕೆಲವು ಕಡೆ ಎಲ್‌ಆರ್‌ವಿ ಎಂದು ಒಂದು ಅಂಕಿ ಇರುತ್ತದೆ. ಬಿದ್ದ ಬೆಳಕಿನಲ್ಲಿ ಎಷ್ಟನ್ನು ಆ ಬಣ್ಣ ಹಿಂದಕ್ಕೆ ಕಳಿಸುತ್ತದೆ ಎನ್ನುವುದರ ಅಳತೆ ಅದು. ಸೊನ್ನೆ ಎಂದರೆ ಪೂರ್ತಿ ಕಪ್ಪು, 100 ಎಂದರೆ ಪೂರ್ತಿ ಬಿಳಿ. ಅಂಕಿ ಕಡಿಮೆ ಆದಷ್ಟೂ ಗೋಡೆ ಬಿಸಿ ಹೀರುತ್ತದೆ, ಮಾರ್ಚ್ ಏಪ್ರಿಲ್ ರಾತ್ರಿ ಮಲಗುವ ಕೋಣೆಯಲ್ಲಿ ಅದು ಗೊತ್ತಾಗುತ್ತದೆ. ಅಂಕಿ 80 ದಾಟಿದರೆ ತಂಪೇನೋ ಹೌದು, ಆದರೆ ಒಂದು ಚುಕ್ಕಿ ಹಾವಸೆಯೂ ಎದ್ದು ಕಾಣುತ್ತದೆ. ನನ್ನ ಅನುಭವದಲ್ಲಿ ನಮ್ಮ ಊರಿಗೆ 50ರಿಂದ 70ರ ನಡುವಿನದು ಸರಿ. ಅಂಕಿ ಇಲ್ಲದಿದ್ದರೆ ಹೀಗೆ ನೋಡಿ: ಬಣ್ಣದ ತುಂಡನ್ನು ಬಿಳಿ ಕಾಗದದ ಮೇಲಿಟ್ಟಾಗ ಅದು ಬಿಳಿಯಲ್ಲ ಎಂದು ಒಂದೇ ನೋಟಕ್ಕೆ ಗೊತ್ತಾಗಬೇಕು, ಆದರೆ ಗಾಢ ಎನಿಸಬಾರದು.

ಈಗ ಜನ ಜಾಸ್ತಿ ಕೇಳುವ ಬಣ್ಣಗಳ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೆನೆ ಮತ್ತು ಗಂಧದ ಬಣ್ಣ ಹಳೆಯದು ಅನಿಸಬಹುದು, ಆದರೆ ನಮ್ಮ ಮಣ್ಣಿಗೆ, ಹಂಚಿಗೆ, ಮಳೆಗೆ ಇದಕ್ಕಿಂತ ಹೊಂದುವುದು ಇನ್ನೊಂದಿಲ್ಲ. ಬಿಳಿ ಗೋಡೆ, ಗಾಢ ಬೂದು ಅಂಚು, ಕಪ್ಪು ಗ್ರಿಲ್ ಈಗಿನ ಚಪ್ಪಟೆ ಮಾಡಿನ ಮನೆಗಳಲ್ಲಿ ಬಹಳ ಕಾಣುತ್ತದೆ. ಸನ್‌ಶೇಡ್ ಸಣ್ಣದಿರುವ ಆ ಮನೆಗಳಿಗೇ ಮಳೆ ನೇರ ಹೊಡೆಯುವುದರಿಂದ ಬಿಳಿಯ ಬದಲು ಬೂದಿಯ ಎಳೆ ಇರುವ ಬಿಳಿ ತೆಗೆದುಕೊಳ್ಳಿ, ದೂರದಿಂದ ಬಿಳಿಯಾಗಿಯೇ ಕಾಣುತ್ತದೆ. ಟೆರಾಕೋಟಾ ನನಗೆ ತುಂಬ ಇಷ್ಟ, ಕೆಂಪು ಸಿಡಿದರೂ ಕಾಣುವುದಿಲ್ಲ, ಆದರೆ ನಾಲ್ಕೂ ಗೋಡೆಗೆ ಹಾಕಿದರೆ ಮನೆ ಸಣ್ಣದಾಗಿ ಕಾಣುತ್ತದೆ. ಎದುರಿನ ಒಂದು ಭಾಗಕ್ಕೆ ಹಾಕಿ. ಗಾಢ ಬೂದು ಇಡೀ ಗೋಡೆಗೆ ಹಾಕಿಸುವವರಿಗೆ ಒಂದೇ ಮಾತು: ಉಪ್ಪು ಎದ್ದರೆ ಬಿಳಿ ಗೆರೆಗಳು ಅದರಲ್ಲಿ ಕಾಣುವಷ್ಟು ಇನ್ಯಾವುದರಲ್ಲೂ ಕಾಣುವುದಿಲ್ಲ.

ಒಟ್ಟು ಮೂರು ಬಣ್ಣ ಸಾಕು. ಗೋಡೆಗೆ ಒಂದು, ಅಂಚು ಮತ್ತು ಕಂಬಕ್ಕೆ ಒಂದು, ಬುಡದ ಪಟ್ಟಿಗೆ ಒಂದು.

ಬುಡದ ಪಟ್ಟಿ ಬಿಡಬೇಡಿ

ಹಳೆಯ ಮನೆಗಳಲ್ಲಿ ಸುಣ್ಣದ ಗೋಡೆಯ ಬುಡಕ್ಕೆ ಕಾವಿ ಕೆಂಪೋ ಕಪ್ಪೋ ಬಳಿಯುತ್ತಿದ್ದರಲ್ಲ. ಅದು ಬರೀ ಚೆಂದಕ್ಕಲ್ಲ, ಅಂಗಳದ ಕೆಸರು ಸಿಡಿಯುವುದು ಅಲ್ಲಿಯವರೆಗೇ. ಹೊಸ ಮನೆಗಳಲ್ಲಿ ಈ ಪಟ್ಟಿ ಮಾಯವಾಗಿದೆ, ಗೋಡೆಯ ಬಣ್ಣ ನೆಲದವರೆಗೂ ಇಳಿಯುತ್ತದೆ. ಒಂದೇ ಮಳೆಗಾಲದಲ್ಲಿ ಮನೆ ಹಳತಾಗಿ ಕಾಣಲು ಇದು ದೊಡ್ಡ ಕಾರಣ.

ಮಳೆಯಲ್ಲಿ ಅಳೆದ ಅಂಕಿ ಇದೆಯಲ್ಲ, ಅದಕ್ಕೆ ನಾಲ್ಕು ಇಂಚು ಸೇರಿಸಿ. ನಮ್ಮದು 20 ಇಂಚು ಇದ್ದದ್ದಕ್ಕೆ 24 ಇಂಚಿನ ಪಟ್ಟಿ ಮಾಡಿದೆವು. ಬಣ್ಣಕ್ಕೆ ನಾನು ಮಾಡಿದ ಉಪಾಯ, ನಮ್ಮ ಅಂಗಳದ ಮಣ್ಣನ್ನೇ ಒಂದು ಹಿಡಿ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಅಂಗಡಿಗೆ ಒಯ್ದು ಅದಕ್ಕೆ ಹತ್ತಿರದ ಶೇಡ್ ಹುಡುಕಿದ್ದು. ಅಂಗಡಿಯವರು ಮೊದಲು ಆಶ್ಚರ್ಯಪಟ್ಟರು, ಆಮೇಲೆ ಅವರೇ ಕಾರ್ಡ್ ಹಿಡಿದು ಹೊಂದಿಸಿ ನೋಡಿದರು. ಈಗ ಎಷ್ಟು ಮಳೆ ಬಂದರೂ ನಮ್ಮ ಗೋಡೆಯ ಬುಡದಲ್ಲಿ ಕಲೆ ಕಾಣುವುದಿಲ್ಲ.

ಗೋಡೆಯ ಮೇಲೆ ಬಳಿದು ನೋಡದೆ ಆರ್ಡರ್ ಕೊಡಬೇಡಿ

ಶೇಡ್ ಕಾರ್ಡಿನ ಚೌಕ ಬೆರಳಿನಷ್ಟು ದೊಡ್ಡದು, ಗೋಡೆ ಸಾವಿರ ಚದರಡಿ. ಹೊರಗಿನ ಬೆಳಕಿನಲ್ಲಿ ದೊಡ್ಡ ಗೋಡೆಯ ಬಣ್ಣ ಕಾರ್ಡಿಗಿಂತ ತಿಳಿಯಾಗಿ, ಅದೇ ಹೊತ್ತಿಗೆ ಜಾಸ್ತಿ ಕಣ್ಣಿಗೆ ಹೊಡೆಯುವ ಹಾಗೂ ಕಾಣುತ್ತದೆ. ಕಾರ್ಡಿನಲ್ಲಿ ಸ್ವಲ್ಪ ಮಂಕು ಎನಿಸಿದ್ದು ಗೋಡೆಯಲ್ಲಿ ಸರಿಯಾಗಿರುತ್ತದೆ. ಕಾರ್ಡಿನಲ್ಲಿ ಬಹಳ ಚೆಂದ ಎನಿಸಿದ್ದು ಗೋಡೆಯಲ್ಲಿ ಅತಿಯಾಗುತ್ತದೆ. ಫೋನಿನ ಪರದೆಯ ಬಣ್ಣವನ್ನಂತೂ ನಂಬಲೇಬೇಡಿ, ಒಂದೊಂದು ಫೋನಿನಲ್ಲಿ ಒಂದೊಂದು ಥರ.

ಎರಡು ಮೂರು ಶೇಡ್ ಆರಿಸಿ ಅವುಗಳ ಸಣ್ಣ ಡಬ್ಬಿ ತನ್ನಿ. 200 ಮಿಲಿಲೀಟರಿನದು ಕೆಲವು ಅಂಗಡಿಗಳಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಒಂದು ಲೀಟರ್ ಮಾಡಿಸಿ. ಹಳೆಯ ಬಣ್ಣ ಕೆಳಗಿನಿಂದ ಇಣುಕದಂತೆ ಮೊದಲು ಬಿಳಿ ಪ್ರೈಮರ್ ಬಳಿದು, ಅದರ ಮೇಲೆ ಎರಡು ಕೋಟ್ ಹಾಕಿ. ಒಂದೊಂದು ತುಂಡು ಮೂರು ಅಡಿ ಅಗಲ, ಮೂರು ಅಡಿ ಎತ್ತರ ಇರಲಿ. ಪಶ್ಚಿಮದ ಗೋಡೆಯಲ್ಲಿ ಒಂದು ಸೆಟ್, ಉತ್ತರದ ಗೋಡೆಯಲ್ಲಿ ಇನ್ನೊಂದು. ಬೆಳಗ್ಗೆ 8 ಗಂಟೆಗೆ, ನಡುಮಧ್ಯಾಹ್ನ, ಸಂಜೆ 5ಕ್ಕೆ ಗೇಟಿನ ಹತ್ತಿರ ನಿಂತು ನೋಡಿ. ಆಮೇಲೆ ಪೈಪಿನಲ್ಲಿ ನೀರು ಹಾಯಿಸಿ ಒದ್ದೆ ಗೋಡೆ ಹೇಗೆ ಕಾಣುತ್ತದೆ ನೋಡಿ. ವರ್ಷದಲ್ಲಿ ನಾಲ್ಕು ತಿಂಗಳು ನಿಮ್ಮ ಮನೆ ಕಾಣುವುದು ಆ ಒದ್ದೆ ಬಣ್ಣದಲ್ಲೇ. ಒಣಗಿದಾಗ ಗಂಧದ ಹಾಗಿದ್ದ ಒಂದು ಶೇಡ್ ನಮ್ಮಲ್ಲಿ ಒದ್ದೆಯಾದಾಗ ಕೊಳೆ ಮೆತ್ತಿದ ಹಾಗೆ ಕಂಡಿತು, ಅಲ್ಲಿಗೆ ಅದನ್ನು ಬಿಟ್ಟೆವು.

ಮನೆಯವರೆಲ್ಲ ನೋಡಲಿ. ಅಮ್ಮನನ್ನು ಖಂಡಿತ ಕೇಳಿ, ದಿನವಿಡೀ ಅಂಗಳದಲ್ಲಿ ಓಡಾಡುವವರು ಅವರೇ.

ಯಾವಾಗ, ಹೇಗೆ ಬಳಿಸಬೇಕು

ಅಕ್ಟೋಬರಿನಲ್ಲಿ ತುಲಾ ಮಳೆ ಸಂಜೆ ಹೊತ್ತು ಗುಡುಗಿನ ಜೊತೆ ಬರುತ್ತದೆ, ಆಗ ಶುರು ಮಾಡಬೇಡಿ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಗೋಡೆ ಒಣಗಿದೆಯೋ ಎಂದು ನೋಡಲು ಎರಡು ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಮರುದಿನ ಒಳಬದಿಯಲ್ಲಿ ನೀರಿನ ಹನಿ ಇದ್ದರೆ ಇನ್ನೂ ಕಾಯಬೇಕು. ಹೊಸ ಗಾರೆಯಾದರೆ ಕಡಿಮೆ ಎಂದರೆ 28 ದಿನ ಬಿಡಿ. ಹಸಿ ಸಿಮೆಂಟಿನ ಕ್ಷಾರಕ್ಕೆ ಬಣ್ಣ ಅಲ್ಲಲ್ಲಿ ತೇಪೆಯ ಹಾಗೆ ಬಿಳಿಚುತ್ತದೆ.

ಹಾವಸೆ ಇದ್ದ ಕಡೆ ಬರೀ ಕೆರೆದರೆ ಸಾಲದು, ಅಲ್ಲಿ ಉಳಿದದ್ದು ಹೊಸ ಬಣ್ಣದ ಮೇಲೆ ಮತ್ತೆ ಬರುತ್ತದೆ. ಬ್ಲೀಚಿಂಗ್ ಪೌಡರ್ ಕಲಸಿದ ನೀರು ಅಥವಾ ಅಂಗಡಿಯಲ್ಲಿ ಸಿಗುವ ಹಾವಸೆ ಕೊಲ್ಲುವ ದ್ರಾವಣ ಬಳಿದು, ಕೆಲವು ಗಂಟೆ ಬಿಟ್ಟು, ಒತ್ತಡದ ನೀರಿನಲ್ಲಿ ತೊಳೆಸಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಆ ನೀರು ಬಾವಿಯ ಕಡೆ, ಮಲ್ಲಿಗೆ ಗಿಡದ ಬುಡಕ್ಕೆ ಹೋಗದಂತೆ ನೋಡಿ. ಹಳೆಯ ಸುಣ್ಣ ಇದ್ದರೆ ಪೂರ್ತಿ ಕೆರೆಸಲೇಬೇಕು. ಕೈಯಿಂದ ಗೋಡೆ ಒರೆಸಿದಾಗ ಬಿಳಿ ಪುಡಿ ಅಂಟಿದರೆ ಎಮಲ್ಶನ್ (ನೀರಿನಲ್ಲಿ ಕಲಸುವ ಬಣ್ಣ) ಅದರ ಮೇಲೆ ನಿಲ್ಲುವುದಿಲ್ಲ. ಪುಟ್ಟಿ ಹಾಕಿಸುವುದಿದ್ದರೆ ಬಿಳಿ ಸಿಮೆಂಟಿನ ಪುಟ್ಟಿಯೇ ಆಗಬೇಕು, ಒಳಗೋಡೆಯ ಪುಟ್ಟಿ ಹೊರಗೆ ಬೇಡ.

ಎಷ್ಟು ಬಣ್ಣ ಬೇಕು? 30 ಅಡಿಗೆ 40 ಅಡಿಯ ಮನೆ ಎಂದಿಟ್ಟುಕೊಳ್ಳಿ. ಸುತ್ತಳತೆ 140 ಅಡಿ, ಎತ್ತರ 11 ಅಡಿ, ಗುಣಿಸಿದರೆ 1,540 ಚದರಡಿ. ಬಾಗಿಲು ಕಿಟಕಿಗೆ 150 ಕಳೆದರೆ 1,390. ಒಂದು ಲೀಟರ್ ಹೊರಗೋಡೆ ಎಮಲ್ಶನ್ ಎರಡು ಕೋಟ್ ಬಳಿಯುವಾಗ ಸುಮಾರು 50 ಚದರಡಿಗೆ ಬರುತ್ತದೆ, ಗೋಡೆ ಒರಟಾಗಿದ್ದರೆ ಇನ್ನೂ ಕಡಿಮೆ. ಅಲ್ಲಿಗೆ 28 ಲೀಟರ್, ಸನ್‌ಶೇಡು ಸೇರಿ 30 ಎಂದು ಹಿಡಿಯಿರಿ. ಎಲ್ಲ ಬಕೆಟನ್ನೂ ಒಂದೇ ದಿನ, ಅಂಗಡಿಯ ಬಣ್ಣ ಬೆರೆಸುವ ಒಂದೇ ಮಶೀನಿನಲ್ಲಿ ಮಾಡಿಸಿ. ಸಾಲದೆ ಆಮೇಲೆ ತಂದರೆ ಕೂದಲೆಳೆಯಷ್ಟು ವ್ಯತ್ಯಾಸ ಬರಬಹುದು, ದೊಡ್ಡ ಗೋಡೆಯಲ್ಲಿ ಅದೇ ಸಾಕು ಕಣ್ಣಿಗೆ ಹೊಡೆಯಲು. ಗಾಢ ಬಣ್ಣಕ್ಕೆ ಬೇರೆ ಬೇಸ್ (ಬಣ್ಣ ಬೆರೆಸುವ ಮೂಲ ಪೈಂಟ್) ಬೇಕಾಗುವುದರಿಂದ ರೇಟೂ ಜಾಸ್ತಿ, ಮೊದಲೇ ಕೇಳಿಕೊಳ್ಳಿ.

ಪ್ರೈಮರ್ ಒಣಗಿದ ಮೇಲೆ ಎರಡು ಕೋಟ್, ನಡುವೆ ನಾಲ್ಕರಿಂದ ಆರು ಗಂಟೆ. ಸುಡುವ ಗೋಡೆಗೆ ಬಳಿಯಬಾರದು, ಬಣ್ಣ ಹಿಡಿಯುವ ಮೊದಲೇ ಒಣಗುತ್ತದೆ. ಬೆಳಗ್ಗೆ ಪಶ್ಚಿಮದ ಗೋಡೆ, ಮಧ್ಯಾಹ್ನದ ಮೇಲೆ ಪೂರ್ವದ್ದು, ಹೀಗೆ ನೆರಳಿನ ಹಿಂದೆ ಹೋಗಲು ಪೈಂಟರಿಗೆ ಹೇಳಿ. ನೀರು ಜಾಸ್ತಿ ಬೆರೆಸಿ ಬಣ್ಣ ಉಳಿಸುವುದು ಬೇಡ ಎಂದೂ ಹೇಳಿ, ಡಬ್ಬಿಯ ಮೇಲೆ ಎಷ್ಟು ಎಂದು ಬರೆದಿರುತ್ತದೆ.

ಕೆಲಸ ಮುಗಿದ ದಿನ ಒಂದು ಲೀಟರ್ ಬಣ್ಣ ಎತ್ತಿಡಿ, ಮುಚ್ಚಳ ಗಟ್ಟಿಯಾಗಿ ಬಡಿದು ನೆರಳಲ್ಲಿ ಇಡಿ. ಕಂಪೆನಿಯ ಹೆಸರು, ಶೇಡ್ ನಂಬರ್, ಬೇಸ್, ತಾರೀಕು ನಾಲ್ಕನ್ನೂ ಕರೆಂಟ್ ಮೀಟರ್ ಪೆಟ್ಟಿಗೆಯ ಬಾಗಿಲ ಒಳಬದಿಗೆ ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ. ನಾವು ಹಿಂದೆ ಬರೆದಿಟ್ಟ ಚೀಟಿ ಕಳೆದು ಹೋಗಿತ್ತು. ಈ ಸಲ ಪೆಟ್ಟಿಗೆಯ ಬಾಗಿಲಲ್ಲಿ ಬರೆದಿದ್ದರಿಂದ, ಕಳೆದ ವರ್ಷ ತೆಂಗಿನ ಮಡಲು ಬಿದ್ದು ಕೆತ್ತಿಹೋದ ಮೂಲೆಗೆ ಅದೇ ಬಣ್ಣ ಹಚ್ಚಲು ಅರ್ಧ ಗಂಟೆ ಸಾಕಾಯಿತು.